ಲಡಾಖ್‌ಗೆ ಬೈಕ್ ಮೇಲೆ ಹೊರಟವರಿಗೆ ಮನೆಯ ಕೌದಿ ಸಾಲದೇ?

ಪ್ರಶ್ನೆ: ವಿಜಯಪುರದಿಂದ ಇಬ್ಬರು ಗೆಳೆಯರು ಎರಡು ಬೈಕ್‌ಗಳಲ್ಲಿ ಆಗಸ್ಟ್ ಕೊನೆಗೆ ಲಡಾಖ್‌ಗೆ ಹೊರಟಿದ್ದೇವೆ. ಹೋಗಿ ಬರಲು ಒಂದು ತಿಂಗಳು. ಟೆಂಟ್, ಸ್ಲೀಪಿಂಗ್ ಬ್ಯಾಗ್, ಮ್ಯಾಟ್ ಮೂರನ್ನೂ ಒಮ್ಮೆಗೇ ಒಳ್ಳೆಯದು ಕೊಳ್ಳುವಷ್ಟು ದುಡ್ಡಿಲ್ಲ. ಮನೆಯಲ್ಲಿ ಕೌದಿ ಇವೆ, ಕಂಬಳಿ ಇದೆ. ಅವು ಸಾಲುವುದಿಲ್ಲವೇ? ಸಾಲದಿದ್ದರೆ ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಉತ್ತರ: ಮೊದಲು ನೆಲಕ್ಕೆ ಹಾಸುವ ಮ್ಯಾಟ್‌ಗೆ, ಆಮೇಲೆ ಸ್ಲೀಪಿಂಗ್ ಬ್ಯಾಗ್‌ಗೆ, ಉಳಿದದ್ದು ಟೆಂಟ್‌ಗೆ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತಾರೆ. ಟೆಂಟ್ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಅರ್ಧಕ್ಕಿಂತ ಹೆಚ್ಚು ದುಡ್ಡು ಅಲ್ಲೇ ಖರ್ಚಾಗುತ್ತದೆ. ಕೊನೆಗೆ ಉಳಿದ ಚಿಲ್ಲರೆಗೆ ಒಂದು ಯೋಗಾ ಮ್ಯಾಟ್ ಸುತ್ತಿಕೊಂಡು ಹೊರಡುತ್ತಾರೆ. ಮನಾಲಿ-ಲೇಹ್ ದಾರಿಯ ಸಾರ್ಚುವಿನಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಬೆನ್ನು, ಸೊಂಟ ಮರಗಟ್ಟಿರುತ್ತವೆ, ಎದೆ ಮಾತ್ರ ಬೆಚ್ಚಗಿರುತ್ತದೆ.

ಕಾರಣ ಸರಳ. ಯಾವ ಹೊದಿಕೆಯೇ ಆಗಲಿ, ಚಳಿ ತಡೆಯುವುದು ಅದರ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಮೇಲೆ ಹೊದ್ದಾಗ ಆ ಗಾಳಿ ಉಳಿಯುತ್ತದೆ. ಮೈಯ ಅಡಿಗೆ ಬಂದಾಗ 60-70 ಕೆಜಿ ಭಾರಕ್ಕೆ ಒತ್ತಿ ಹೋಗುತ್ತದೆ. ಎಷ್ಟೇ ದುಬಾರಿ ಸ್ಲೀಪಿಂಗ್ ಬ್ಯಾಗ್ ಆದರೂ ಅದರ ಬೆನ್ನಿನ ಭಾಗ ಮಲಗಿದ ಕೂಡಲೇ ಚಪಾತಿಯ ಹಾಗೆ ಚಪ್ಪಟೆಯಾಗುತ್ತದೆ. ಅಲ್ಲಿಂದ ಮೈಯ ಕಾವು ನೇರ ನೆಲಕ್ಕೆ ಇಳಿಯುತ್ತದೆ. ಅದನ್ನು ತಡೆಯಲು ಭಾರಕ್ಕೆ ಜಗ್ಗದ ವಸ್ತುವೇ ಬೇಕು.

ಈಗ ಕೌದಿಯ ಮಾತು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಹೊಲಿದ ಹಾಸಿಗೆ ಅದು. ನಮ್ಮ ಊರಿನ ಚಳಿಗಾಲಕ್ಕೆ, ಹೊರಸಿನ ಮೇಲೆ ಅಥವಾ ಮನೆಯೊಳಗಿನ ನೆಲಕ್ಕೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಆದರೆ ಒತ್ತಾದ ಹೊಲಿಗೆಯಿಂದಲೇ ಅದರಲ್ಲಿ ಗಾಳಿ ಕಡಿಮೆ. ಹತ್ತಿ ಬೇರೆ, ಬೆವರು ಮತ್ತು ಇಬ್ಬನಿ ಹೀರಿಕೊಂಡರೆ ಬಿಸಿಲಿಲ್ಲದೆ ಒಣಗುವುದಿಲ್ಲ, ಒದ್ದೆಯಾದ ಹತ್ತಿ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ತಕ್ಕಡಿಗೆ ಹಾಕಿ ನೋಡಿ, ದೊಡ್ಡ ಕೌದಿಯೊಂದು ಎರಡು ಮೂರು ಕೆಜಿ ತೂಗುತ್ತದೆ, ಮಡಿಸಿದರೂ ಅರ್ಧ ಸೀಟು ಹಿಡಿಯುತ್ತದೆ. ಅದನ್ನು ಮನೆಯಲ್ಲೇ ಬಿಡಿ.

ಕಂಬಳಿಯದು ಬೇರೆ ಲೆಕ್ಕ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ನೆನೆದಾಗಲೂ ಸ್ವಲ್ಪ ಬೆಚ್ಚಗಿಡುತ್ತದೆ. ಕುರಿಗಾರರು ಮಳೆಯಲ್ಲಿ ಅದನ್ನೇ ಗೊಂಗಡಿಯಾಗಿ ಹೊದ್ದು ನಿಲ್ಲುವುದು ಸುಮ್ಮನೆ ಅಲ್ಲ. ಇಬ್ಬರ ನಡುವೆ ಒಂದು ತೆಳು ಕಂಬಳಿ ಒಯ್ದರೆ ತೂಕಕ್ಕೆ ಮೋಸವಿಲ್ಲ: ಸಂಜೆ ಕೂರಲು, ಮ್ಯಾಟ್‌ಗೆ ಮುಳ್ಳು ತಾಗದಂತೆ ಅಡಿಗೆ ಹಾಸಲು, ಬಯಲುಸೀಮೆಯ ರಾತ್ರಿಗಳಲ್ಲಿ ಹೊದೆಯಲು ಬರುತ್ತದೆ. ಆದರೆ 4,000 ಮೀಟರ್ ಮೇಲೆ ಅದೊಂದನ್ನೇ ನಂಬಬೇಡಿ.

ಎತ್ತರದ ಲೆಕ್ಕ ಹೀಗೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಲೇಹ್ ಸುಮಾರು 3,500, ಸಾರ್ಚು 4,300ರ ಆಸುಪಾಸು, ಅದೇ ದಾರಿಯ ಪಾಂಗ್ 4,600. ಪ್ರತಿ 1,000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ಮೋಡವಿಲ್ಲದ ಒಣ ಆಕಾಶದ ಕೆಳಗೆ ನೆಲ ಬೇಗ ತಣ್ಣಗಾಗುತ್ತದೆ. ನೀವು ಅಲ್ಲಿ ಮುಟ್ಟುವುದು ಸೆಪ್ಟೆಂಬರ್‌ನಲ್ಲಿ. ಲೇಹ್ ಪೇಟೆಯಲ್ಲಿ ರಾತ್ರಿ ತಡೆದುಕೊಳ್ಳಬಹುದು, ಸಾರ್ಚು, ಪಾಂಗ್, ಪೂರ್ವ ಲಡಾಖ್‌ನ ಹಾನ್ಲೆ ಕಡೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಎಂದೇ ಹಿಡಿಯಿರಿ.

ಮ್ಯಾಟ್ ಕೊಳ್ಳುವಾಗ ದಪ್ಪಕ್ಕಿಂತ ಮೊದಲು ಆರ್-ವ್ಯಾಲ್ಯೂ ಕೇಳಿ. ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಎನ್ನುವ ಅಂಕಿ ಅದು. 2018ರಿಂದ ಎಎಸ್‌ಟಿಎಂ ಎಫ್3340 ಎಂಬ ಒಂದೇ ಪರೀಕ್ಷಾ ವಿಧಾನ ಇರುವುದರಿಂದ ಆ ವಿಧಾನದಲ್ಲಿ ಅಳೆದ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಹೋಲಿಸಬಹುದು. 10-12 ಮಿಲಿಮೀಟರ್‌ನ ಕ್ಲೋಸ್ಡ್ ಸೆಲ್ (ಒಳಗುಳ್ಳೆಗಳು ಮುಚ್ಚಿರುವ) ಫೋಮ್ ಮ್ಯಾಟ್ ಸುಮಾರು 1.5ರಿಂದ 2 ಕೊಡುತ್ತದೆ, ತೂಕ 400 ಗ್ರಾಂ ಆಸುಪಾಸು. ಉತ್ತರ ಕರ್ನಾಟಕದ ಡಿಸೆಂಬರ್ ರಾತ್ರಿಗೆ ಇಷ್ಟು ಸಾಕು. ಲಡಾಖ್‌ನ ಸೆಪ್ಟೆಂಬರ್‌ಗೆ 4ಕ್ಕಿಂತ ಕಡಿಮೆ ಬೇಡ. ಒಳಗೆ ಏನೂ ಇಲ್ಲದ ಬರೀ ಗಾಳಿಚೀಲದ ಮ್ಯಾಟ್ ಎಷ್ಟು ಎತ್ತರ ಉಬ್ಬಿದರೂ ಚಳಿಗೆ ಆಗದು. ಒಳಗಿನ ಗಾಳಿ ಮೇಲೆ ಕೆಳಗೆ ಸುತ್ತುತ್ತಾ ಕಾವನ್ನು ನೆಲಕ್ಕೆ ಸಾಗಿಸುತ್ತದೆ. ಒಳಗೆ ಫೋಮ್, ನಾರಿನ ಪದರ ಅಥವಾ ಕಾವು ತಿರುಗಿಸುವ ಹಾಳೆ ಇರುವುದನ್ನೇ ತೆಗೆದುಕೊಳ್ಳಿ.

ಆರ್-ವ್ಯಾಲ್ಯೂಗಳು ಕೂಡುತ್ತವೆ, ಇದು ಕಡಿಮೆ ದುಡ್ಡಿನವರಿಗೆ ದೊಡ್ಡ ಅನುಕೂಲ. 2ರ ಫೋಮ್ ಮ್ಯಾಟ್ ಮೇಲೆ 2.5ರ ಗಾಳಿ ಮ್ಯಾಟ್ ಇಟ್ಟರೆ 4.5. ಎರಡೂ ಸೇರಿ ಒಂದು ಕೆಜಿ ಚಿಲ್ಲರೆ. ಮಧ್ಯಮ ಬೆಲೆಯ ಎರಡು ಮ್ಯಾಟ್‌ಗಳ ಜೋಡಿ ಒಂದು ದುಬಾರಿ ಮ್ಯಾಟ್‌ಗಿಂತ ನಿಮಗೆ ಒಳ್ಳೆಯದು. ಗಾಳಿ ಮ್ಯಾಟ್ ತೂತಾದ ರಾತ್ರಿಯೂ ಅಡಿಗೆ ಫೋಮ್ ಇರುತ್ತದೆ. ತೂತಾಗುವುದು ದೂರದ ಮಾತೇನಲ್ಲ. ಬಾಗಲಕೋಟೆ, ವಿಜಯಪುರದ ಯಾವ ರಸ್ತೆ ಬದಿಯಲ್ಲೂ ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುತ್ತದೆ, ಬೂಟಿನ ಅಟ್ಟೆಗೆ ಚುಚ್ಚಿಕೊಂಡು ಟೆಂಟ್ ಒಳಗೂ ಬರುತ್ತದೆ. ಮುಳ್ಳಿನ ತೂತನ್ನು ಸೋಪು ನೀರು ಸವರಿ ಗುಳ್ಳೆ ನೋಡಿ ಹುಡುಕಬೇಕು. ಸೈಕಲ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಇಲ್ಲಿ ಹಿಡಿಯದು. ಅದು ರಬ್ಬರ್ ಟ್ಯೂಬಿಗೆ ಮಾಡಿದ್ದು, ಟಿಪಿಯು ಎಂಬ ಪ್ಲಾಸ್ಟಿಕ್ ಲೇಪದ ನೈಲಾನ್ ಮೇಲಿಂದ ಎದ್ದು ಬರುತ್ತದೆ. ಮ್ಯಾಟ್ ಜೊತೆ ಕೊಟ್ಟ ಪ್ಯಾಚ್ ಅಥವಾ ಪಾಲಿಯುರೆಥೇನ್ ಅಂಟು ಇಟ್ಟುಕೊಳ್ಳಿ.

ಬೆಳಗಿನ ಜಾವ ಮ್ಯಾಟ್ ಮೆತ್ತಗಾದರೆ ಕೂಡಲೇ ತೂತು ಹುಡುಕಲು ಕೂರಬೇಡಿ. ಸಂಜೆ 25 ಡಿಗ್ರಿಯಲ್ಲಿ ತುಂಬಿದ ಗಾಳಿ ಸೊನ್ನೆ ಡಿಗ್ರಿಗೆ ಬಂದರೆ ಸುಮಾರು ನೂರಕ್ಕೆ 8ರಷ್ಟು ಕುಗ್ಗುತ್ತದೆ. ಮಲಗುವ ಮುನ್ನ, ಗಾಳಿ ತಣ್ಣಗಾದ ಮೇಲೆ ನಾಲ್ಕು ಊದು ಹೆಚ್ಚು ತುಂಬಿದರೆ ಆಯಿತು. ಬಾಯಿಂದ ಊದುವುದನ್ನು ಆದಷ್ಟು ತಪ್ಪಿಸಿ ಪಂಪ್ ಚೀಲ ಬಳಸಿ. ಉಸಿರಿನ ತೇವ ಒಳಗೆ ಉಳಿದು ಬೂಸು ಹಿಡಿಯುತ್ತದೆ. 4,500 ಮೀಟರ್ ಎತ್ತರದಲ್ಲಿ ಮ್ಯಾಟ್ ಊದುವುದರಲ್ಲೇ ತಲೆ ತಿರುಗುತ್ತದೆ ಎನ್ನುವುದೂ ಒಂದು ಕಾರಣ.

ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಬರೆದ ಮೈನಸ್ 10 ಓದಿ ಮೋಸ ಹೋಗುವವರು ಬಹಳ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗಿನ ಒಳಚೀಟಿಯಲ್ಲಿ ಮೂರು ಅಂಕಿ ಇರುತ್ತವೆ. ಕಂಫರ್ಟ್ ಎಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಕೈಕಾಲು ಸಡಿಲ ಬಿಟ್ಟು ಮಲಗಬಹುದಾದ ತಾಪಮಾನ. ಲಿಮಿಟ್ ಎಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿಸಿಕೊಳ್ಳುವ ಮಟ್ಟ, ಅಲ್ಲಿ ನಿದ್ದೆಯ ಮಾತೇ ಇಲ್ಲ. ಚೀಲದ ಹೊರಗೆ ದೊಡ್ಡ ಅಕ್ಷರದಲ್ಲಿ ಇರುವುದು ಎಷ್ಟೋ ಸಲ ಈ ಮೂರನೆಯದು. ಗಂಡಸಾಗಲಿ ಹೆಂಗಸಾಗಲಿ, ಕಂಫರ್ಟ್ ಅಂಕಿ ನೋಡಿಯೇ ಕೊಳ್ಳಿ. ದಿನವಿಡೀ ಬೈಕ್ ಓಡಿಸಿ ದಣಿದ ಮೈ, ಎತ್ತರದಲ್ಲಿ ಸರಿಯಾಗಿ ಸೇರದ ಊಟ, ಎರಡೂ ಸೇರಿ ಚಳಿ ಹೆಚ್ಚು ಹತ್ತುತ್ತದೆ. ನಿಮ್ಮ ಸೆಪ್ಟೆಂಬರ್ ಪ್ರವಾಸಕ್ಕೆ ಕಂಫರ್ಟ್ ಮೈನಸ್ 5 ಸರಿಯಾದ ಆಯ್ಕೆ. ಅಷ್ಟು ದುಡ್ಡಿಲ್ಲದಿದ್ದರೆ ಕಂಫರ್ಟ್ ಸೊನ್ನೆಯದು ತೆಗೆದುಕೊಂಡು, ಒಳಗೆ ಉಣ್ಣೆಯ ಥರ್ಮಲ್ ಉಟ್ಟು, ಕಾಲ ಕಡೆ ರೈಡಿಂಗ್ ಜಾಕೆಟ್ ಹಾಕಿಕೊಳ್ಳಿ.

ಪುಕ್ಕದ ಬ್ಯಾಗೋ ಸಿಂಥೆಟಿಕ್ಕೋ? ಪುಕ್ಕದ್ದು ಹಗುರ, ಒಂದು ಕೆಜಿ ಆಸುಪಾಸಿನಲ್ಲಿ ಮುಗಿಯುತ್ತದೆ, ಬೂಟಿನ ಡಬ್ಬಿಯಷ್ಟು ಜಾಗ. ಆದರೆ ನೆನೆದರೆ ಗಂಟು ಕಟ್ಟಿ ಕೆಲಸಕ್ಕೆ ಬಾರದು. ಸಿಂಥೆಟಿಕ್ ಅದೇ ಚಳಿಗೆ ಹೆಚ್ಚುಕಡಿಮೆ ಎರಡು ಕೆಜಿ, ನೆನೆದರೂ ಅರ್ಧ ಕೆಲಸ ಮಾಡುತ್ತದೆ, ಢಾಬಾದ ಹಗ್ಗದ ಮೇಲೆ ಬೇಗ ಒಣಗುತ್ತದೆ. ಆಗಸ್ಟ್‌ನಲ್ಲಿ ಮಹಾರಾಷ್ಟ್ರ, ಮಾಳವದ ಮಳೆ ದಾಟಿ ಹೋಗಬೇಕಾದ ನಿಮಗೆ ಸಿಂಥೆಟಿಕ್ ಎಂದೇ ನಮ್ಮ ಅಭಿಪ್ರಾಯ. ಜಿಪ್ ಎರಡೂ ಕಡೆಯಿಂದ ತೆರೆಯುವಂತಿರಲಿ, ಸೆಕೆಯ ರಾತ್ರಿಗೆ ಬಿಚ್ಚಿ ಹೊದಿಕೆ ಮಾಡಿಕೊಳ್ಳಬಹುದು. ಉದ್ದ ನಿಮ್ಮ ಎತ್ತರಕ್ಕಿಂತ 20 ಸೆಂಟಿಮೀಟರ್ ಹೆಚ್ಚಿರಲಿ, ಕಾಲು ತುದಿಗೆ ಒತ್ತಿದರೆ ಅಲ್ಲಿನ ಗಾಳಿಯೂ ಹೋಗುತ್ತದೆ.

ಮಲಗುವಾಗ ಒಣ ಕಾಲುಚೀಲ ಬದಲಿಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. ಮುಖ ಒಳಗೆ ಹುದುಗಿಸಿ ಉಸಿರಾಡಬೇಡಿ, ಬ್ಯಾಗ್ ಒಳಗಿನಿಂದಲೇ ಒದ್ದೆಯಾಗುತ್ತದೆ. ಚಳಿ ಎಂದು ಟೆಂಟ್ ಒಳಗೆ ಸ್ಟೌ ಅಥವಾ ಇದ್ದಿಲಿನ ಸಿಗಡಿ ಹಚ್ಚಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಇನ್ನೊಂದು: ಬೆಚ್ಚಗಿದ್ದೂ ನಿದ್ದೆ ಬರದೆ, ತಲೆನೋವು, ವಾಂತಿ ಶುರುವಾದರೆ ಅದು ಹಾಸಿಗೆಯ ದೋಷವಲ್ಲ, ಎತ್ತರದ ಕಾಯಿಲೆ. ಅದು ಹೆಚ್ಚುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಕೆಳಗೆ ಇಳಿಯಬೇಕು.

ಟೆಂಟ್ ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ವಿಜಯಪುರದಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರ್‌ವರೆಗೆ ಅದೇ ರಸ್ತೆ. ಆ ದಾರಿಯುದ್ದಕ್ಕೂ ಲಾಡ್ಜ್, ಢಾಬಾ ಇವೆ. ಮನಾಲಿ-ಲೇಹ್ ದಾರಿಯಲ್ಲೂ ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ಡೇರೆ ಢಾಬಾಗಳಲ್ಲಿ ಹಾಸಿಗೆ, ರಜಾಯಿ ಬಾಡಿಗೆಗೆ ಸಿಗುತ್ತವೆ. ಒಂದು ತಿಂಗಳಲ್ಲಿ ಟೆಂಟ್ ನಿಜಕ್ಕೂ ಬೇಕಾಗುವುದು ಎಂಟು ಹತ್ತು ರಾತ್ರಿ. ಮ್ಯಾಟ್ ಮತ್ತು ಬ್ಯಾಗ್ ಟೆಂಟ್ ಒಳಗೂ ಢಾಬಾದ ಕಟ್ಟೆಯ ಮೇಲೂ ಕೆಲಸಕ್ಕೆ ಬರುತ್ತವೆ.

ಕೊಳ್ಳುವುದಾದರೆ ಎರಡು ಪದರದ, ಮೊಳೆ ಹೊಡೆಯದೆಯೂ ತಾನೇ ನಿಲ್ಲುವ ಟೆಂಟ್ ಇರಲಿ. ಲಡಾಖ್‌ನ ಕಲ್ಲುನೆಲದಲ್ಲಿ ಮೊಳೆ ಇಳಿಯದು, ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಬೇಕು. ಇಬ್ಬರಿಗೆ ಮತ್ತು ಸಾಮಾನಿಗೆ ಮೂವರ ಟೆಂಟ್ ಸರಿ, ತೂಕ ಮೂರೂವರೆ ಕೆಜಿ ಮೀರದಿರಲಿ. ಮೇಲ್ಹೊದಿಕೆಯ ಹೈಡ್ರೋಸ್ಟ್ಯಾಟಿಕ್ ಹೆಡ್ (ಬಟ್ಟೆ ಸೋರದೆ ತಡೆಯುವ ನೀರಿನ ಎತ್ತರ) 2,000 ಮಿಲಿಮೀಟರ್, ನೆಲದ್ದು 3,000ಕ್ಕೆ ಕಡಿಮೆ ಬೇಡ, ಹೊಲಿಗೆಗಳ ಮೇಲೆ ಟೇಪ್ ಅಂಟಿಸಿರಬೇಕು. ಕಂಬ ಅಲ್ಯೂಮಿನಿಯಂದು ತೆಗೆದುಕೊಳ್ಳಿ, ಫೈಬರ್‌ಗ್ಲಾಸ್ ಚಳಿಯಲ್ಲಿ ಸೀಳುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ. ಬೈಕಿನವರು ಮರೆಯುವ ಅಳತೆ ಒಂದಿದೆ, ಮಡಿಸಿದ ಕಂಬದ ಉದ್ದ. 45 ಸೆಂಟಿಮೀಟರ್ ಒಳಗಿದ್ದರೆ ಸ್ಯಾಡಲ್ ಬ್ಯಾಗಿನಲ್ಲಿ ಕೂರುತ್ತದೆ, 60 ಇದ್ದರೆ ತಿಂಗಳಿಡೀ ಹಿಂದೆ ಅಡ್ಡ ಕಟ್ಟಿಕೊಂಡು ತಿರುಗಬೇಕು.

ಅಡಿಗೆ ಹಾಸಲು ಬೇರೆ ಗ್ರೌಂಡ್‌ಶೀಟ್ ಕೊಳ್ಳಬೇಡಿ. ರೈತರು ರಾಶಿ ಮಾಡುವಾಗ ಹಾಸುವ ತಾಡಪತ್ರಿಯಲ್ಲಿ ತೆಳುವಾದದ್ದೊಂದನ್ನು ಟೆಂಟ್ ನೆಲಕ್ಕಿಂತ ಪ್ರತಿ ಕಡೆ ನಾಲ್ಕು ಬೆರಳು ಚಿಕ್ಕದಾಗಿ ಕತ್ತರಿಸಿ. ಹೊರಗೆ ಚಾಚಿಕೊಂಡಿದ್ದರೆ ಮಳೆನೀರು ಅದರ ಮೇಲೆ ಇಳಿದು ನೇರ ನಿಮ್ಮ ಅಡಿಗೆ ಬರುತ್ತದೆ. ಬೆಳಿಗ್ಗೆ ಒಳಗೋಡೆಯಲ್ಲಿ ಹನಿ ಕಂಡರೆ ಟೆಂಟ್ ಸೋರಿತೆಂದು ಅಂಗಡಿಯವನನ್ನು ಬೈಯುವ ಮುನ್ನ ಗಾಳಿಕಿಂಡಿ ಮುಚ್ಚಿದ್ದಿರಾ ನೋಡಿ, ಇಬ್ಬರ ಉಸಿರಿನ ತೇವವೇ ಅದು. ಮೊಳೆಗಳಲ್ಲಿ ಎರಡು ಬಗೆ ಒಯ್ಯಿರಿ. ಎರೆಮಣ್ಣಿನಲ್ಲಿ, ಅದರಲ್ಲೂ ಮಳೆ ಬಿದ್ದಾಗ, ತೆಳು ಮೊಳೆ ಬೆಣ್ಣೆಯಿಂದ ಕೂದಲು ಎಳೆದಂತೆ ಹೊರಬರುತ್ತದೆ, ಅಲ್ಲಿ 20 ಸೆಂಟಿಮೀಟರ್‌ಗಿಂತ ಉದ್ದದ ವಿ ಅಥವಾ ವೈ ಆಕಾರದ್ದು ಬೇಕು. ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲ ಒಣಗಿದಾಗ ಕಲ್ಲಿನಂತಾಗುತ್ತದೆ, ಅದಕ್ಕೆ ಆರಿಂಚಿನ ಕಬ್ಬಿಣದ ಮೊಳೆಯೇ ಸರಿ.

ಕಟ್ಟುವ ವಿಷಯದಲ್ಲಿ ಅಸಡ್ಡೆ ಬೇಡ. ಭಾರದ ಟೆಂಟ್ ಕೆಳಗೆ, ಮುಂದಕ್ಕೆ, ಸ್ಯಾಡಲ್ ಬ್ಯಾಗಿನಲ್ಲಿ. ಹಗುರದ ಬ್ಯಾಗ್, ಮ್ಯಾಟ್ ಸೀಟಿನ ಮೇಲೆ, ಮೂರು ಸುತ್ತು ಮಡಿಸಿ ಮುಚ್ಚುವ, ನೀರು ಒಳಹೋಗದ ಡ್ರೈ ಬ್ಯಾಗಿನೊಳಗೆ. ಹಿಂಚಕ್ರದ ಅಚ್ಚಿನಿಂದ ಹಿಂದಕ್ಕೆ ಭಾರ ಹೇರಿದರೆ ಮುಂಚಕ್ರ ಹಗುರಾಗಿ, ವೇಗದಲ್ಲಿ ಹ್ಯಾಂಡಲ್ ಅಲುಗುತ್ತದೆ. ಕೊಕ್ಕೆಯ ಬಂಜಿ ಹಗ್ಗ ಬೇಡ, ಹೊಂಡದಲ್ಲಿ ಹಿಗ್ಗಿ ಸಡಿಲಾಗುತ್ತದೆ, ಬಿಚ್ಚುವಾಗ ಕೊಕ್ಕೆ ಚಿಮ್ಮಿದರೆ ಕಣ್ಣಿಗೆ ಅಪಾಯ. ಎರಡು ಮೀಟರ್ ಉದ್ದದ ಬಕಲ್ ಪಟ್ಟಿ ನಾಲ್ಕು ತೆಗೆದುಕೊಳ್ಳಿ. ಉಳಿದ ತುದಿಯನ್ನು ಸುತ್ತಿ ಗಂಟು ಹಾಕಿ, ಜೋತಾಡುವ ಪಟ್ಟಿ ಚೈನಿಗೆ ಸಿಕ್ಕರೆ ಚಕ್ರ ನಿಂತೇ ಬಿಡುತ್ತದೆ. ಸೈಲೆನ್ಸರ್‌ನಿಂದ ಒಂದು ಗೇಣು ದೂರ ಇರಲಿ. ಹೊರಟ 20 ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಬಿಗಿಯಿರಿ, ಅಷ್ಟರಲ್ಲಿ ಸಾಮಾನು ಕುಸಿದು ಕೂತಿರುತ್ತದೆ.

ಹೊರಡುವ ಮೂರು ವಾರ ಮೊದಲು ಎಲ್ಲವನ್ನೂ ಪರೀಕ್ಷಿಸಿ. ಗಾಳಿ ತುಂಬಿದ ಮ್ಯಾಟ್ ಮೇಲೆ ಜೋಳದ ಚೀಲ ಇಟ್ಟು ರಾತ್ರಿ ಬಿಡಿ. ಮಾಳಿಗೆ ಮೇಲೆ ಟೆಂಟ್ ನಿಲ್ಲಿಸಿ ಕಾಲು ಗಂಟೆ ಪೈಪಿನಿಂದ ನೀರು ಹಾಯಿಸಿ, ಮೂಲೆಗಳನ್ನು ಒಳಗಿನಿಂದ ಮುಟ್ಟಿ ನೋಡಿ. ಆಮೇಲೆ ಪೂರ್ತಿ ಸಾಮಾನು ಹೇರಿಕೊಂಡು ಜಾಂಬೋಟಿ ಕಡೆಯ ಮಳೆಯಲ್ಲಿ ಒಂದು ರಾತ್ರಿ ಕಳೆಯುವುದು ಇನ್ನೂ ಒಳ್ಳೆಯದು. ಅಲ್ಲಿ ಭೀಮಗಡ ಅಭಯಾರಣ್ಯದ ಕಾಡಿನೊಳಗೆ ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ, ಹಳ್ಳಿಯವರ ಖಾಸಗಿ ಜಾಗದಲ್ಲಿ ಕೇಳಿಕೊಂಡು ಹಾಕಿ.

ತಿರುಗಿ ಬಂದ ಮೇಲೆ ಟೆಂಟನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಇಡಿ. ತೇವ ಮತ್ತು ಸೆಕೆಗೆ ಅದರ ಒಳಲೇಪ ಕರಗಿ ಅಂಟಂಟಾಗುತ್ತದೆ, ತಗಡಿನ ಕೆಳಗಿನ ಅಟ್ಟ ಅದಕ್ಕೆ ಸಲ್ಲದ ಜಾಗ. ಸ್ಲೀಪಿಂಗ್ ಬ್ಯಾಗನ್ನು ಅದರ ಬಿಗಿ ಚೀಲದಲ್ಲಿ ವರ್ಷಗಟ್ಟಲೆ ತುರುಕಿಟ್ಟರೆ ಮತ್ತೆ ಉಬ್ಬದು. ಹಳೆ ಸೀರೆಯಲ್ಲಿ ಒಂದು ದೊಡ್ಡ ಸಡಿಲ ಚೀಲ ಹೊಲಿಸಿ, ಅದರಲ್ಲಿ ಹಾಕಿ ಕೌದಿಗಳ ಪಕ್ಕದಲ್ಲೇ, ಆದರೆ ಅವುಗಳ ಅಡಿಗೆ ಅಲ್ಲದೆ ಮೇಲೆ, ಇಡಿ.