ತಂತಿ ಮಿಡಿಯದ ಮಿಡಿ

ಹಾಡೊಂದರ ಪಿಟೀಲು ಪ್ಲಾಸ್ಟಿಕ್ಕಿನಂತೆ ಕೇಳಿಸಿದರೆ ‘ಇದೆಲ್ಲ ಬರೀ ಮಿಡಿ’ ಎಂದು ಮೂಗು ಮುರಿಯುವವರಿದ್ದಾರೆ. ಸ್ವರಗಳ ಸೂಚನೆ ಬರೆದಿಟ್ಟುಕೊಂಡು ವಾದ್ಯ ನುಡಿಸುವ 1980ರ ದಶಕದ ಸೀಕ್ವೆನ್ಸರುಗಳನ್ನು ಹುಡುಕಿ ಕೊಂಡು, ಆ ಕಾಲದ ದನಿಯ ಗತ್ತೇ ಬೇರೆ ಎನ್ನುವವರೂ ಇದ್ದಾರೆ. ಇಬ್ಬರೂ ಮಿಡಿಗೆ ಇಲ್ಲದ ಗುಣವನ್ನು ಅದರ ತಲೆಗೆ ಕಟ್ಟುತ್ತಿದ್ದಾರೆ. ಮಿಡಿಗೆ ದನಿಯೇ ಇಲ್ಲ. ನಾವು ತಂತಿ ಮಿಡಿಯುತ್ತೇವೆ, ಮಾವಿನ ಮಿಡಿಯನ್ನು ಉಪ್ಪಿನಕಾಯಿಗೆ ಹಾಕುತ್ತೇವೆ. ಇದಕ್ಕೂ ಅವೆರಡಕ್ಕೂ ನಂಟಿಲ್ಲ. ಇದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳ ಕೂಟ: ವಿದ್ಯುನ್ಮಾನ ವಾದ್ಯಗಳೂ ಕಂಪ್ಯೂಟರುಗಳೂ ತಮ್ಮೊಳಗೆ ಮಾತಾಡಿಕೊಳ್ಳುವ ಒಪ್ಪಿತ ಭಾಷೆ.

ಸಂಗೀತ ಪಾಠದ ಸ್ವರಪುಸ್ತಕವನ್ನು ನೆನೆಯಿರಿ. ಅದರಲ್ಲಿ ‘ಸರಿಗಮ’ ಬರೆದಿರುತ್ತದೆ, ಆದರೆ ಪುಸ್ತಕ ಹಾಡುವುದಿಲ್ಲ. ಮಿಡಿ ಕೇಬಲ್ಲಿನಲ್ಲಿ ಹರಿಯುವುದೂ ಅಂಥ ಬರವಣಿಗೆಯೇ: ಇಂಥ ಕೀ ಒತ್ತಿದರು, ಇಷ್ಟು ಬಿರುಸಾಗಿ ಒತ್ತಿದರು, ಈಗ ಬಿಟ್ಟರು. ಅದನ್ನು ಓದಿ ದನಿ ಹೊರಡಿಸುವುದು ಇನ್ನೊಂದು ತುದಿಯ ಯಂತ್ರ.

ಮಿಡಿಗೂ ಮೊದಲಿನ ಇಪ್ಪತ್ತು ವರ್ಷಗಳನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ವಿದ್ಯುತ್ತಿನಿಂದ ದನಿ ಹುಟ್ಟಿಸುವ ಸಿಂಥಸೈಜರುಗಳು ಬಂದವು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯಲಿಲ್ಲ. ಕೆಲವು ಕಂಪನಿಗಳ ಯಂತ್ರದಲ್ಲಿ ಸ್ವರ ಸೂಚಿಸಲು ಒಂದು ಸ್ಥಾಯಿಗೆ ಒಂದು ವೋಲ್ಟ್ ಎಂಬ ಲೆಕ್ಕವಿದ್ದರೆ, ಯಮಾಹಾ ಮತ್ತು ಕೊರ್ಗ್ ಬೇರೆ ಲೆಕ್ಕ ಹಿಡಿದಿದ್ದವು. ಜಪಾನಿನ ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ 1981ರಲ್ಲಿ ಈ ವಿಷಯ ಎತ್ತಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್, ಸಹೋದ್ಯೋಗಿ ಚೆಟ್ ವುಡ್ ಜೊತೆ ಸೇರಿ, ಎಲ್ಲ ಸಿಂಥಸೈಜರಿಗೂ ಒಂದೇ ಸಂಪರ್ಕ ಇರಲಿ ಎಂಬ ಪ್ರಬಂಧ ಮಂಡಿಸಿದರು. 1983ರ ಜನವರಿಯಲ್ಲಿ, ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ, ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಒಂದು ಕೇಬಲ್ಲಿನಿಂದ ಮಾತಾಡಿಕೊಂಡವು. ಅದೇ ಆಗಸ್ಟಿನಲ್ಲಿ ಮಿಡಿಯ ಮೊದಲ ಆವೃತ್ತಿ ಪ್ರಕಟವಾಯಿತು. ಅದನ್ನು ಬಳಸಲು ಯಾರೂ ಯಾರಿಗೂ ಪರವಾನಗಿ ಶುಲ್ಕ ಕೊಡಬೇಕಿರಲಿಲ್ಲ. ಇಷ್ಟು ಬೇಗ ಅದು ಎಲ್ಲೆಡೆ ಹಬ್ಬಿದ್ದಕ್ಕೆ ಈ ಒಂದು ಕಾರಣ ಸಾಕು.

ಹಬ್ಬಿದ್ದು ಅಗ್ಗವಾಗಿದ್ದರಿಂದಲೂ ಹೌದು. ಸೆಕೆಂಡಿಗೆ 31,250 ಬಿಟ್ ಎಂಬ ವೇಗ, ಒಂದು ಮೆಗಾಹರ್ಟ್ಸ್ ಗಡಿಯಾರವನ್ನು 32ರಿಂದ ಭಾಗಿಸಿದರೆ ನೇರವಾಗಿ ಸಿಗುತ್ತದೆ. ಕೇಬಲ್ಲಿನ ತುದಿಗೆ ಟೇಪ್ ರೆಕಾರ್ಡರುಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಐದು ಪಿನ್ನಿನ ಪ್ಲಗ್. ಅದರಲ್ಲೂ ಬಳಕೆಯಾಗುವುದು ಮೂರೇ ಪಿನ್. ಒಂದು ಸ್ವರ ಶುರುವಾಯಿತು ಎಂದು ತಿಳಿಸಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಹತ್ತು ಬೆರಳನ್ನು ಒಟ್ಟಿಗೆ ಒತ್ತಿದರೂ ಸ್ವರಗಳು ಒಂದರ ಹಿಂದೊಂದು ಸಾಲಿನಲ್ಲೇ ಹೋಗಬೇಕು. ಈ ನಿಧಾನದ ಬಗ್ಗೆ ಆಗಲೇ ಗೊಣಗಾಟವಿತ್ತು. ಆದರೆ ವೇಗ ಹೆಚ್ಚಿಸಿದರೆ ಬೆಲೆಯೂ ಏರುತ್ತಿತ್ತು.

ನನ್ನನ್ನು ಹೆಚ್ಚು ಸೆಳೆಯುವುದು ಇದರ ನಂತರದ ಆರೇಳು ವರ್ಷಗಳು. ಟ್ಯಾಸ್ಕಾಮ್ ಕಂಪನಿ 1979ರಲ್ಲೇ, ಮನೆಯ ಕೋಣೆಯಲ್ಲೇ ಹಾಡು ಮುದ್ರಿಸಬಲ್ಲ ಪೋರ್ಟಾಸ್ಟುಡಿಯೋ ಎಂಬ ಯಂತ್ರವನ್ನು ಹೊರತಂದಿತ್ತು. ಸಾಮಾನ್ಯ ಕ್ಯಾಸೆಟ್ಟನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಎರಡೂ ಮಗ್ಗುಲಿನ ಟ್ರ್ಯಾಕುಗಳನ್ನು, ಅಂದರೆ ದನಿ ತುಂಬುವ ಪಟ್ಟಿಗಳನ್ನು, ಒಂದೇ ದಿಕ್ಕಿಗೆ ಬಳಸಿ ನಾಲ್ಕು ಟ್ರ್ಯಾಕು ಮಾಡುವ ಉಪಾಯ. ಐದನೆಯ ವಾದ್ಯ ಬೇಕಾದರೆ ಮೊದಲ ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಹಳೆಯವನ್ನು ಅಳಿಸಬೇಕು. ಪ್ರತಿ ಬಾರಿ ಇಳಿಸಿದಾಗಲೂ ಟೇಪಿನ ಸುಯ್ ಸದ್ದು ಒಂದು ಪದರ ದಪ್ಪವಾಗುತ್ತಿತ್ತು. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ.

ಇದೇ ಕೋಣೆಗೆ ಮಿಡಿ ಬಂತು. ಸೀಕ್ವೆನ್ಸರ್ ಬರೆದಿಟ್ಟುಕೊಳ್ಳುವುದು ಸೂಚನೆಗಳನ್ನು ಮಾತ್ರ, ದನಿಯನ್ನಲ್ಲ. ಆದ್ದರಿಂದ ಡ್ರಮ್ಮು, ಬೇಸು, ಪಿಯಾನೋ ಯಾವುದಕ್ಕೂ ಟೇಪಿನಲ್ಲಿ ಜಾಗ ಬೇಕಿರಲಿಲ್ಲ. ಕೊನೆಯ ಮಿಶ್ರಣದ ಕ್ಷಣದವರೆಗೂ ಅವು ಪ್ರತಿ ಸಲವೂ ಹೊಸದಾಗಿ ನುಡಿಯುತ್ತಿದ್ದವು. ಟೇಪು ಕಂಠಕ್ಕೂ ಗಿಟಾರಿಗೂ ಮೀಸಲಾಯಿತು. ಆದರೆ ಟೇಪೂ ಸೀಕ್ವೆನ್ಸರೂ ಒಂದೇ ಹೆಜ್ಜೆ ಹಾಕಬೇಕಲ್ಲ? ಅದಕ್ಕಾಗಿ ನಾಲ್ಕನೆಯ ಟ್ರ್ಯಾಕಿನಲ್ಲಿ ಎರಡು ಕಂಪನಗಳ ನಡುವೆ ಹೊಯ್ದಾಡುವ ಒಂದು ಕರ್ಕಶ ದನಿಯನ್ನು ಮೊದಲೇ ತುಂಬಿಸಿ, ಅದನ್ನು ತಾಳದಂತೆ ಸೀಕ್ವೆನ್ಸರಿಗೆ ಕೇಳಿಸುತ್ತಿದ್ದರು. ಆ ದನಿ ಪಕ್ಕದ ಟ್ರ್ಯಾಕಿಗೆ ಸೋರುತ್ತಿತ್ತು. ಮೊದಮೊದಲಿನ ವಿಧಾನದಲ್ಲಿ ಅದು ತಾಳವನ್ನಷ್ಟೇ ಹೇಳುತ್ತಿತ್ತು, ಹಾಡಿನಲ್ಲಿ ಎಲ್ಲಿದ್ದೇವೆ ಎಂದು ಹೇಳುತ್ತಿರಲಿಲ್ಲ. ಚರಣದ ಕೊನೆಯ ಒಂದು ಸಾಲನ್ನು ತಿದ್ದಬೇಕಾದರೂ ಟೇಪನ್ನು ಹಾಡಿನ ಆರಂಭಕ್ಕೆ ಸುತ್ತಬೇಕಿತ್ತು. ‘ಕೇಬಲ್ ಕಿತ್ತರೆ ಸ್ವರ ನಿಲ್ಲದು’ ಎಂಬುದೂ ಆ ಕೋಣೆಗಳ ಪಾಠವೇ: ಒತ್ತಿದ ಸುದ್ದಿ ಮುಟ್ಟಿ ಬಿಟ್ಟ ಸುದ್ದಿ ತಪ್ಪಿದರೆ ಯಂತ್ರ ಆ ಒಂದೇ ಸ್ವರವನ್ನು ಹಿಡಿದು ಕೂರುತ್ತದೆ.

ಮಿಡಿ ಮಾತಾಡುವ ಯಂತ್ರಗಳು ಒಂದರ ಹಿಂದೊಂದು ಬಂದವು: 1983ರ ಯಮಾಹಾ ಡಿಎಕ್ಸ್7 ಸಿಂಥಸೈಜರ್, ಮರುವರ್ಷ ಪುಟ್ಟ ಕೀಗಳ ಕ್ಯಾಸಿಯೊ ಸಿಜೆಡ್-101, 1985ರಲ್ಲಿ ಅಟಾರಿ ಎಸ್‌ಟಿ. ಮಿಡಿ ಕಿಂಡಿಗಳನ್ನು ಕಾರ್ಖಾನೆಯಲ್ಲೇ ಕೂರಿಸಿಕೊಂಡು ಬಂದ ಈ ಕಂಪ್ಯೂಟರು ಯುರೋಪಿನ ಎಷ್ಟೋ ಮಲಗುವ ಕೋಣೆಗಳನ್ನು ಸ್ಟುಡಿಯೋ ಮಾಡಿತು. ಒಂದು ಮೆಗಾಬೈಟ್ ನೆನಪಿನ ಅದರ ಮುಂದಿನ ಮಾದರಿ ಅಮೆರಿಕದಲ್ಲಿ 999 ಡಾಲರಿಗೆ ಬಂತು. ಜರ್ಮನಿಯ ಸ್ಟೈನ್‌ಬರ್ಗ್ 1989ರಲ್ಲಿ ತಂದ ತಂತ್ರಾಂಶ ಕ್ಯೂಬೇಸ್‌ನಲ್ಲಿ ಹಾಡು ಎಡದಿಂದ ಬಲಕ್ಕೆ ಪಟ್ಟಿಪಟ್ಟಿಯಾಗಿ ಕಾಣತೊಡಗಿತು. ಇಂದಿನ ಸಂಗೀತ ತಂತ್ರಾಂಶಗಳ ಪರದೆಯೂ ಹೆಚ್ಚುಕಡಿಮೆ ಅದೇ.

ನಿರ್ಜೀವತೆಯ ದೂರಿಗೂ ಇಲ್ಲೇ ಬೇರಿದೆ. ತಾಳ ತಪ್ಪಿದ ಸ್ವರವನ್ನು ಗುಂಡಿಯೊಂದು ಹತ್ತಿರದ ಮಾತ್ರೆಗೆ ಎಳೆದು ಕೂರಿಸುತ್ತಿತ್ತು. ಅದಕ್ಕೆ ಕ್ವಾಂಟೈಸ್ ಎಂದು ಹೆಸರು. ಗುಂಡಿ ಇದ್ದಮೇಲೆ ಒತ್ತದೇ ಇರುವುದು ಕಷ್ಟ. 1991ರಲ್ಲಿ ಬಂದ ಜನರಲ್ ಮಿಡಿ, 128 ವಾದ್ಯಗಳಿಗೆ ಸಂಖ್ಯೆ ಹಂಚಿತು. ನಂತರ ಕಂಪ್ಯೂಟರಿಗೆ ದನಿ ಕೊಡುವ ಅಗ್ಗದ ಸೌಂಡ್ ಕಾರ್ಡುಗಳು ಆ 128ನ್ನೂ ಸಣ್ಣ ಚಿಪ್ಪೊಂದರಿಂದ ನುಡಿಸಿದವು. ಹೆಚ್ಚಿನ ಜನ ‘ಮಿಡಿ’ ಎಂದು ಕೇಳಿದ್ದು ಆ ಚಿಪ್ಪನ್ನೇ. ಪಟ್ಟಿಯಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆ, ನಾಗಸ್ವರ, ಮೃದಂಗ ಇಲ್ಲ. ತಾಳವಾದ್ಯಗಳ ಪ್ರತ್ಯೇಕ ಪಟ್ಟಿಯಲ್ಲಿ ತಬಲಾ ಕೂಡ ಇಲ್ಲ.

ಹೆಸರು ಬಿಟ್ಟುಹೋದದ್ದು ದೊಡ್ಡ ಮಾತಲ್ಲ. ಗಮಕದ ಮಾತು ಬೇರೆ. ಮಿಡಿಯ ಲೆಕ್ಕದಲ್ಲಿ ಸ್ವರವೆಂದರೆ 0ಯಿಂದ 127ರವರೆಗಿನ ಒಂದು ಸಂಖ್ಯೆ. ಸ್ವರವನ್ನು ಬಗ್ಗಿಸುವ ಚಕ್ರವೇನೋ ಉಂಟು, ಆದರೆ ಅದು ಆ ಚಾನೆಲ್ಲಿನ, ಅಂದರೆ ಒಂದು ವಾದ್ಯಕ್ಕೆ ಮೀಸಲಾದ ಸಾಲಿನ, ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಗ್ಗಿಸುತ್ತದೆ. ಕೆಳಗೆ ಷಡ್ಜ ಹಿಡಿದು ಮೇಲೆ ಗಾಂಧಾರವನ್ನು ತೂಗಲು ಹೋದರೆ ಷಡ್ಜವೂ ತೂಗುತ್ತದೆ. ಸ್ವರಪುಸ್ತಕದಲ್ಲೂ ಗಮಕ ಬರೆದಿರುವುದಿಲ್ಲ ನಿಜ, ಆದರೆ ಅಲ್ಲಿ ಪುಸ್ತಕದ ಪಕ್ಕ ಗುರು ಕುಳಿತಿರುತ್ತಾರೆ. ಗಮಕ ಬೇಡವೆಂದು ಯಾರೂ ತೀರ್ಮಾನಿಸಲಿಲ್ಲ. ಮಾತುಕತೆಗೆ ಕುಳಿತವರು ಕೀಬೋರ್ಡ್ ತಯಾರಿಸುವವರು. ಅವರ ಮುಂದಿದ್ದ ವಾದ್ಯದಲ್ಲಿ ಬೆರಳು ಒತ್ತುವುದು, ಬಿಡುವುದು ಎರಡೇ ಇತ್ತು.

ಪರಿಹಾರ ತಡವಾಗಿ ಬಂತು. 2018ರಲ್ಲಿ ಅಧಿಕೃತವಾದ ಹೊಸ ಏರ್ಪಾಟು, ಇದ್ದ 16 ಚಾನೆಲ್ಲುಗಳನ್ನೇ ಒಂದೊಂದು ಬೆರಳಿಗೆ ಒಂದರಂತೆ ಹಂಚಿ, ಒಂದು ಸ್ವರವನ್ನು ಮಾತ್ರ ತೂಗುವುದನ್ನು ಸಾಧ್ಯವಾಗಿಸಿತು. 2020ರ ಮಿಡಿ 2.0ದಲ್ಲಿ ಅದಕ್ಕೆ ನೇರವಾದ ದಾರಿಯೇ ಇದೆ. ಹಾಗೆಂದು ಹಳೆಯದು ಮೂಲೆ ಸೇರಿಲ್ಲ. ಮೊನ್ನೆ ನಮ್ಮ ಅಟ್ಟದಿಂದ ಹಳೆಯ ಕೀಬೋರ್ಡೊಂದನ್ನು ಇಳಿಸಿ, ಧೂಳು ಒರೆಸಿ, ಐದು ಪಿನ್ನಿನ ಕೇಬಲ್ಲಿಗೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ತಕರಾರಿಲ್ಲದೆ ಎರಡೂ ಮಾತಿಗಿಳಿದವು. ಒಂದು ಕೀ ಒತ್ತಿದ್ದಾಗಲೇ ಮೊಣಕೈ ತಗುಲಿ ಕೇಬಲ್ ಕಳಚಿತು. ಬೆರಳು ತೆಗೆದೆ, ಸ್ವರ ನಿಲ್ಲಲಿಲ್ಲ.