ಅರಗಿನ ತಟ್ಟೆಯೊಳಗಿನ ನಾಟಕ

ಚನ್ನಪಟ್ಟಣದ ಬೊಂಬೆಗಳಿಗೆ ಆ ಹೊಳಪು ಬರುವುದು ಅರಗಿನಿಂದ. ಮರದ ಕೊಂಬೆಗೆ ಮುತ್ತಿಕೊಂಡ ಪುಟ್ಟ ಪುಟ್ಟ ಹುಳುಗಳು ಸುರಿಸುವ ಅಂಟು ಅದು. ನೂರು ವರ್ಷದ ಹಿಂದೆ ಇದೇ ಅರಗು ಬಿಹಾರ, ಬಂಗಾಳದ ಕಡೆಯಿಂದ ಕಲ್ಕತ್ತಾ ಬಂದರಿಗೆ ಬಂದು, ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ, ಬಿಸಿ ಮಾಡಿ ಒತ್ತಿದರೆ ಗ್ರಾಮಫೋನ್ ತಟ್ಟೆ. ನ್ಯೂಯಾರ್ಕಿನ ಹಳೆಯ ಯಿಡ್ಡಿಷ್ ನಾಟಕಗಳ ಎಷ್ಟೋ ಹಾಡುಗಳು ಇವತ್ತಿಗೂ ಕಿವಿಗೆ ಬೀಳುತ್ತಿರುವುದು ಆ ಅಂಟಿನ ಮೇಲೆ ಮೂಡಿದ ಗೀರುಗಳಿಂದ.

ಯಿಡ್ಡಿಷ್ ಎಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಬುಡ ಜರ್ಮನ್, ಲಿಪಿ ಹೀಬ್ರೂ. 1876ರಲ್ಲಿ ರೊಮೇನಿಯಾದ ಯಾಶ್ ಊರಿನ ಒಂದು ವೈನ್ ಅಂಗಡಿಯ ತೋಟದಲ್ಲಿ ಅಬ್ರಹಾಂ ಗೋಲ್ಡ್‌ಫಾಡೆನ್ ಈ ಭಾಷೆಯಲ್ಲಿ ನಾಟಕ ಆಡಿಸಿದರು. ಯಿಡ್ಡಿಷ್ ವೃತ್ತಿ ರಂಗಭೂಮಿಯ ಲೆಕ್ಕ ಅಲ್ಲಿಂದಲೇ ಶುರು. ನಮ್ಮ ಕಂಪನಿ ನಾಟಕಗಳ ಹಾಗೆ ಅಲ್ಲೂ ಹಾಡಿಲ್ಲದೆ ಆಟವಿಲ್ಲ. ವಿಶೇಷ ಏನೆಂದರೆ ಗೋಲ್ಡ್‌ಫಾಡೆನ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಪ್ರಾರ್ಥನಾ ಮಂದಿರದ ರಾಗ, ಹಳ್ಳಿಯ ಹಾಡು, ಇಟಲಿಯ ಒಪೆರಾ, ಎಲ್ಲದರಿಂದಲೂ ಕಿವಿಗೆ ಹಿಡಿಸಿದ್ದನ್ನು ತಂದು ಪದ ಕಟ್ಟಿದರು. ಅವರ ‘ಶುಲಾಮಿಸ್’ ನಾಟಕದ ‘ಒಣದ್ರಾಕ್ಷಿ, ಬಾದಾಮಿ’ ಜೋಗುಳವನ್ನು ಹಾಡಿ ಮಗು ಮಲಗಿಸಿದ ಎಷ್ಟೋ ತಾಯಂದಿರಿಗೆ ಅದು ನಾಟಕದ ಹಾಡು ಅಂತಲೇ ಗೊತ್ತಿರಲಿಲ್ಲ.

1883ರಲ್ಲಿ ರಷ್ಯಾ ಸಾಮ್ರಾಜ್ಯ ಯಿಡ್ಡಿಷ್ ನಾಟಕಗಳನ್ನು ನಿಷೇಧಿಸಿತು. ನಟರು ಲಂಡನ್‌ಗೆ, ನ್ಯೂಯಾರ್ಕಿಗೆ ಹೋದರು. ಹಾಡುಗಳೂ ಹೋದವು.

ಇಂಥ ಹಾಡು ಉಳಿಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಕಾಗದ, ಇನ್ನೊಂದು ಗೀರು. ಕಾಗದದ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 19ನೇ ಶತಮಾನದ ಕೊನೆಯ ಕಾಗದ ಮರದ ತಿರುಳಿನದು. ಅದರೊಳಗೇ ಆಮ್ಲ ಇರುತ್ತದೆ. ಯಾರೂ ಮುಟ್ಟದಿದ್ದರೂ ಹಳದಿಯಾಗಿ, ಹಪ್ಪಳದ ಹಾಗೆ ಮುರಿಯುತ್ತದೆ. ಅದು ಸಾಲದೆಂದು ಎರಡನೇ ಮಹಾಯುದ್ಧ ಬಂತು. ವಿಲ್ನಾ ನಗರದಲ್ಲಿ (ಇಂದಿನ ಲಿಥುವೇನಿಯಾದ ವಿಲ್ನಿಯಸ್) 1925ರಲ್ಲಿ ಹುಟ್ಟಿದ, ಯಿಡ್ಡಿಷ್ ಭಾಷೆ, ಸಂಸ್ಕೃತಿಯ ಅಧ್ಯಯನದ ಯಿವೊ ಸಂಸ್ಥೆಯಲ್ಲಿ ನಾಟಕದ ಕಾಗದಪತ್ರಗಳಿಗಾಗಿಯೇ ಒಂದು ಸಂಗ್ರಹಾಲಯ ಇತ್ತು. ನಾಜಿಗಳು ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಇದ್ದವರ ಕೈಯಲ್ಲೇ ಅವುಗಳನ್ನು ವಿಂಗಡಿಸುವ ಕೆಲಸ ಮಾಡಿಸಿದರು. ಕೆಲವು ಜರ್ಮನಿಗೆ, ಉಳಿದದ್ದೆಲ್ಲ ರದ್ದಿಗೆ. ಆ ಕೆಲಸಕ್ಕೆ ಸಿಕ್ಕಿಬಿದ್ದವರಲ್ಲಿ ಕವಿ ಅವ್ರೋಮ್ ಸುಟ್ಸ್‌ಕೆವರ್ ಕೂಡ ಇದ್ದರು. ಅವರು ಮತ್ತು ಜೊತೆಯವರು ಬಟ್ಟೆಯೊಳಗೆ ಹಾಳೆಗಳನ್ನು ಬಚ್ಚಿಟ್ಟು ಹೊರಗೆ ಸಾಗಿಸಿದರು. ಸಿಕ್ಕಿಬಿದ್ದರೆ ಸಾವೇ. ಜರ್ಮನಿಗೆ ಹೋಗಿದ್ದ ಪಾಲು ಯುದ್ಧ ಮುಗಿದ ಮೇಲೆ ಸಿಕ್ಕಿ, 1947ರಲ್ಲಿ, ಅಷ್ಟರಲ್ಲಿ ನ್ಯೂಯಾರ್ಕಿಗೆ ನೆಲೆ ಬದಲಿಸಿದ್ದ ಯಿವೊಗೆ ಸೇರಿತು.

ಅಮೆರಿಕದಲ್ಲಿ ಕಾಗದ ಉಳಿದ ಕಾರಣ ಬೇರೆ. ಹಾಡನ್ನು ಬೇರೆಯವರು ಕದಿಯಬಾರದೆಂದು ಸಂಗೀತಗಾರರು ಕಾಪಿರೈಟ್ ಕಚೇರಿಗೆ ಒಂದು ಪ್ರತಿ ಕಳಿಸುತ್ತಿದ್ದರು. ಹೀಗೆ ಸೇರಿದ ಮೂರು ಸಾವಿರಕ್ಕೂ ಹೆಚ್ಚು ಯಿಡ್ಡಿಷ್ ಹಾಡುಗಳ ಪಟ್ಟಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಒಂದು ಚಂದದ ಸಂಗತಿ: ಹೀಬ್ರೂ ಅಕ್ಷರ ಬಲದಿಂದ ಎಡಕ್ಕೆ, ಸ್ವರಲಿಪಿ ಎಡದಿಂದ ಬಲಕ್ಕೆ. ಎರಡೂ ಹೊಂದುವುದಿಲ್ಲ, ಅಲ್ವಾ? ಅದಕ್ಕೇ ಅಚ್ಚಾದ ಹಾಡಿನ ಹಾಳೆಗಳಲ್ಲಿ ಸ್ವರದ ಕೆಳಗೆ ಯಿಡ್ಡಿಷ್ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು.

ಆದರೆ ಹಾಳೆಯಲ್ಲಿ ಹಾಡು ಪೂರ್ತಿ ಇರುವುದಿಲ್ಲ. ಯಹೂದಿ ಗಾಯನದಲ್ಲಿ ‘ಕ್ರೆಖ್ಟ್ಸ್’ ಎಂಬ ಒಂದು ಪಟ್ಟು ಇದೆ. ಸ್ವರದ ಅಂಚಿನಲ್ಲಿ ಗಂಟಲು ಚೂರು ಬಿಕ್ಕಿದ ಹಾಗೆ. ನಮ್ಮ ಗಮಕವನ್ನು ಸರಿಗಮದಲ್ಲಿ ಬರೆದು ತೋರಿಸಲು ಆಗುತ್ತದೆಯೇ? ಇದೂ ಹಾಗೆಯೇ. ಅದು ಬೇಕೆಂದರೆ ಗೀರಿಗೇ ಹೋಗಬೇಕು.

ಗೀರಿಗೂ ಅದರದೇ ಕಷ್ಟಗಳಿವೆ. 1925ರವರೆಗೆ ಧ್ವನಿಮುದ್ರಣಕ್ಕೆ ಸಾಮಾನ್ಯವಾಗಿ ಮೈಕ್ ಬಳಸುತ್ತಿರಲಿಲ್ಲ. ಗಾಯಕರು ಒಂದು ದೊಡ್ಡ ತುತ್ತೂರಿಯೊಳಗೆ ಹಾಡಬೇಕು. ಆ ದನಿಯ ಒತ್ತಡವೇ ತೆಳು ಪೊರೆಯನ್ನು ಅಲುಗಾಡಿಸಿ, ಪೊರೆ ಮೊನೆಯನ್ನು ಅಲುಗಾಡಿಸಿ, ಮೊನೆ, ಅರಗಿನ ತಟ್ಟೆ ಒತ್ತಲು ಮೂಲವಾಗುವ ಮೇಣವನ್ನು ಕೊರೆಯಬೇಕು. ಮಂದ್ರದ ಸ್ವರ, ತೀರಾ ತಾರದ ಸ್ವರ ಎರಡೂ ಸರಿಯಾಗಿ ಬೀಳುತ್ತಿರಲಿಲ್ಲ. ತಟ್ಟೆಯ ಒಂದು ಬದಿಗೆ ಮೂರು, ನಾಲ್ಕು ನಿಮಿಷವಷ್ಟೇ ಜಾಗ. ಹಾಡು ಅದಕ್ಕಿಂತ ಉದ್ದವಿದ್ದರೆ ಕತ್ತರಿ.

ವೇಗದ್ದು ಇನ್ನೊಂದು ಗೋಳು. ಹಳೆ ತಟ್ಟೆಗಳನ್ನೆಲ್ಲ ನಾವು 78 ಎನ್ನುತ್ತೇವೆ. ಅವೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲೇ ಧ್ವನಿಮುದ್ರಣ ಆಗಿದ್ದಲ್ಲ. ಸುಮಾರು 73.6 ಸುತ್ತಿನಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ಓಡಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ಹಾರ್ಮೋನಿಯಂನ ಬಿಳಿ ಕೀಯಿಂದ ಪಕ್ಕದ ಕಪ್ಪು ಕೀಗೆ ಜಿಗಿದ ಹಾಗೆ. ಹಾಡೂ ಓಡುತ್ತದೆ, ಗಾಯಕನ ದನಿಯೂ ಬೇರೆಯವರದಾಗುತ್ತದೆ. ಇಲ್ಲಿ ಕಾಗದ ನೆರವಿಗೆ ಬರುತ್ತದೆ. ಹಾಳೆಯಲ್ಲಿ ಶ್ರುತಿ ಬರೆದಿದ್ದರೆ ಅದಕ್ಕೆ ತಾಳೆ ಹಾಕಿ ವೇಗ ಹುಡುಕಬಹುದು. ಗಾಯಕ ತನ್ನ ಗಂಟಲಿಗೆ ತಕ್ಕ ಹಾಗೆ ಶ್ರುತಿ ಬದಲಿಸಿರಲೂಬಹುದು. ಆದ್ದರಿಂದ ದನಿ ಸಹಜವಾಗಿದೆಯೇ ಎಂದು ಕಿವಿಯೂ ಒಪ್ಪಬೇಕು.

ಮುಳ್ಳು ಇಟ್ಟು ಕೇಳಿದಷ್ಟೂ ಗೀರು ಸವೆಯುತ್ತದೆ. ತಟ್ಟೆಗೂ ಮೊದಲು ಧ್ವನಿಮುದ್ರಣಕ್ಕೆ ಬಳಸುತ್ತಿದ್ದ ಮೇಣದ ಉರುಳೆಗಳಿಗೆ ಬೂಷ್ಟು ಬೇರೆ ಹಿಡಿಯುತ್ತದೆ. ಒಡೆದ ತಟ್ಟೆಯ ಮೇಲೆ ಮುಳ್ಳು ಇಡುವ ಹಾಗೇ ಇಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ವಿಟಾಲಿ ಫಾದೆಯೆವ್ ಇದಕ್ಕೊಂದು ದಾರಿ ಕಂಡರು. ಅವರದು ಕಣ ಭೌತಶಾಸ್ತ್ರ. ಕಣ ಪತ್ತೆ ಮಾಡುವ ಉಪಕರಣಗಳನ್ನು ಕ್ಯಾಮೆರಾದಿಂದ ಸೂಕ್ಷ್ಮವಾಗಿ ಅಳೆಯುವುದು ಅವರಿಗೆ ಗೊತ್ತಿತ್ತು. ಅದೇ ರೀತಿ ಗೀರಿನ ಫೋಟೋ ತೆಗೆದರೆ? ತಟ್ಟೆಯ ಗೀರು ಅಕ್ಕಪಕ್ಕಕ್ಕೆ ಓಲಾಡುತ್ತದೆ, ಅದಕ್ಕೆ ಮಾಮೂಲಿ ಚಿತ್ರ ಸಾಕು. ಉರುಳೆಯ ಗೀರು ಮೇಲೆ ಕೆಳಗೆ ಏರಿಳಿಯುತ್ತದೆ, ಅದಕ್ಕೆ ಆಳವನ್ನೂ ಅಳೆಯಬೇಕು. ಮುಳ್ಳು ಹೇಗೆ ಅಲುಗಾಡುತ್ತಿತ್ತು ಎಂದು ಆ ಚಿತ್ರದಿಂದ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಏನನ್ನೂ ಮುಟ್ಟದೆ ಹಾಡು ಹೊರಗೆ ಬರುತ್ತದೆ. ಒಡೆದ ಚೂರುಗಳನ್ನೂ ಹೀಗೆ ಚಿತ್ರದಲ್ಲೇ ಜೋಡಿಸಬಹುದು.

ಆಮೇಲೆ ಬರುವುದು ಗರಗರ ಸದ್ದು ತೆಗೆಯುವ ಕೆಲಸ. ಇಲ್ಲಿ ಕೈ ಬಿಗಿ ಹಿಡಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಯಿಡ್ಡಿಷ್‌ನಲ್ಲಿ ಖ್, ಶ್, ಟ್ಸ್ ದನಿಗಳು ಜಾಸ್ತಿ. ಅವೂ ಒಂದು ಬಗೆಯ ಗರಗರವೇ. ಯಂತ್ರಕ್ಕೆ ತಟ್ಟೆಯ ಸದ್ದು ಯಾವುದು, ವ್ಯಂಜನ ಯಾವುದು ಎಂದು ತಿಳಿಯದೆ ಎರಡನ್ನೂ ಒರೆಸಿಬಿಡಬಹುದು. ಕ್ರೆಖ್ಟ್ಸ್ ಕೂಡ ಅದರ ಜೊತೆಗೇ ಹೋಗಬಹುದು. ಕೇಳಲು ನುಣುಪಾಗಿರುತ್ತದೆ, ಆದರೆ ಹಾಡಿದವರು ಅದರಲ್ಲಿರುವುದಿಲ್ಲ. ಸ್ವಲ್ಪ ಗರಗರ ಇದ್ದರೂ ಪರವಾಗಿಲ್ಲ.

ಜೋಸೆಫ್ ರುಮ್ಶಿನ್‌ಸ್ಕಿ ಸಂಗೀತ ಕೂಡಿಸಿದ ‘ಚಿನ್ನದ ವಧು’ ನಾಟಕ 1923ರಲ್ಲಿ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂನಲ್ಲಿ ಮೊದಲು ಆಡಿದ್ದು. ಆಮೇಲೆ ಜನ ಮರೆತರು. 1984ರಲ್ಲಿ ಹಾರ್ವರ್ಡ್‌ನ ಸಂಗೀತ ಗ್ರಂಥಪಾಲಕರಾಗಿದ್ದ ಮೈಕೆಲ್ ಓಕ್ಸ್ ಅವರ ಕಣ್ಣಿಗೆ ಅದರ ಸ್ವರಲಿಪಿ ಬಿತ್ತು. ಮುಂದೆ ಅವರು ಬೇರೆ ಬೇರೆ ಸಂಗ್ರಹಗಳಲ್ಲಿದ್ದ ಮಾತು, ಹಾಡು, ವಾದ್ಯಗಳ ಹಾಳೆಗಳನ್ನೆಲ್ಲ ಹೊಂದಿಸಿದರು. 2015ರಲ್ಲಿ ಫೋಕ್ಸ್‌ಬೀನೆ ಎಂಬ ಯಿಡ್ಡಿಷ್ ನಾಟಕ ತಂಡ ನ್ಯೂಯಾರ್ಕಿನಲ್ಲೇ ಅದನ್ನು ಮತ್ತೆ ರಂಗಕ್ಕೆ ತಂದಿತು. ತುತ್ತೂರಿಗೆ ಸಿಗದೆ ಹೋದಂಥ ಮಂದ್ರದ ಸ್ವರಗಳು ಅಷ್ಟೂ ವರ್ಷ ಆ ಹಾಳೆಗಳಲ್ಲಿ ಸುಮ್ನೆ ಕೂತಿದ್ದವು.