ಬಾ ಕೊಟ್ಟ ಬೇರಿನ ಉಪ್ಪಿನಕಾಯಿ

ಮುಂಬೈನ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು ಗುಜರಾತಿಗಳು. ಆ ಮನೆಯ ಅಜ್ಜಿಯನ್ನು ನಾವೂ ‘ಬಾ’ ಅಂತಲೇ ಕರೆಯುತ್ತೇವೆ. ಒಮ್ಮೆ ಅವರು ಒಂದು ಬಟ್ಟಲು ಉಪ್ಪಿನಕಾಯಿ ಕಳಿಸಿದ್ದರು. ಮಾವು ಅಲ್ಲ, ನಿಂಬೆ ಅಲ್ಲ, ಬೆರಳಿನಷ್ಟು ದಪ್ಪದ ಬೇರು. ಅಮ್ಮ ಒಂದು ತುಂಡು ಕಚ್ಚಿ, “ಮಾಕಳಿ ಬೇರಾ?” ಎಂದು ಕೇಳಿದಳು. “ಗರ್ಮರ್” ಅಂದರು ಬಾ.

ಮಾಕಳಿ ಬೇರೆಯೇ ಗಿಡ. ಗರ್ಮರ್‌ಗೆ ಕನ್ನಡದಲ್ಲಿ ಮಕಂದಿ ಬೇರು, ಮಂಗನಿ ಬೇರು ಎಂಬ ಹೆಸರುಗಳಿವೆ. ಸಸ್ಯಶಾಸ್ತ್ರದಲ್ಲಿ ಕೋಲಿಯಸ್ ಫೋರ್ಸ್ಕೋಲಿ. ಈ ಬೇರಿನೊಳಗಿನ ಒಂದು ವಸ್ತು ಇಂದು ಜಗತ್ತಿನ ಎಷ್ಟೋ ಜೀವವಿಜ್ಞಾನದ ಲ್ಯಾಬುಗಳಲ್ಲಿ ಇರುತ್ತದೆ. ಅದನ್ನು ಮೊದಮೊದಲು ಹೊರತೆಗೆದವರಲ್ಲಿ ಇದೇ ಮುಲುಂಡಿನವರೂ ಇದ್ದರು. ಇದು ಗೊತ್ತಾದ ದಿನ ನನಗೆ ತುಂಬಾ ಹೆಮ್ಮೆಯಾಯಿತು.

1970ರ ದಶಕದಲ್ಲಿ ಇಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿನವರು ನಮ್ಮ ಗಿಡಮೂಲಿಕೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಕೆಲಸ ಕೇಳಲು ಸುಲಭ. ಬೇರನ್ನು ಒಣಗಿಸಿ, ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬೇಕು. ಸಾರಕ್ಕೆ ಗುಣವಿದ್ದರೆ ಅದನ್ನು ಭಾಗ ಮಾಡಬೇಕು. ಗುಣ ಯಾವ ಭಾಗದಲ್ಲಿ ಉಳಿಯಿತು ಎಂದು ನೋಡಬೇಕು. ಅದನ್ನು ಮತ್ತೆ ಭಾಗ ಮಾಡಬೇಕು. ಕೊನೆಗೆ ಒಂದೇ ವಸ್ತು ಉಳಿಯುವ ತನಕ ಇದೇ ಕೆಲಸ. ಎಷ್ಟು ತಾಳ್ಮೆ ಬೇಕು ಅಲ್ವಾ?

ಮಕಂದಿ ಬೇರಿನ ಸಾರ ರಕ್ತದೊತ್ತಡ ಇಳಿಸುತ್ತಿತ್ತು, ಹೃದಯದ ಬಡಿತಕ್ಕೆ ಬಲ ಕೊಡುತ್ತಿತ್ತು. ಎಸ್. ವಿ. ಭಟ್, ಎನ್. ಜೆ. ಡಿಸೋಜಾ ಮತ್ತು ಅವರ ಜೊತೆಗಾರರು 1977ರಲ್ಲಿ ಅದರ ಮೂಲವಸ್ತುವಿನ ರಚನೆಯನ್ನು ಪ್ರಕಟಿಸಿದರು. ಅದೇ ಫೋರ್ಸ್ಕೋಲಿನ್. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರೂ ಆ ಹೊತ್ತಿಗೇ ಇದೇ ಗಿಡದಿಂದ ಕೋಲಿಯೊನಾಲ್ ಎಂಬ ವಸ್ತು ತೆಗೆದಿದ್ದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು.

ಅದು ಕೆಲಸ ಮಾಡುವ ಬಗೆ ಇನ್ನೂ ಚೆಂದ. ಅಡ್ರಿನಾಲಿನ್‌ನಂಥ ಹಾರ್ಮೋನು ಜೀವಕೋಶದ ಒಳಗೆ ಬರುವುದಿಲ್ಲ. ನಮ್ಮ ಸೊಸೈಟಿಗೆ ಬಂದ ನೆಂಟರಂತೆ ಅದು ಗೇಟಿನಲ್ಲೇ ನಿಲ್ಲುತ್ತದೆ. ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಸುದ್ದಿ ಮುಟ್ಟಿಸುತ್ತಾನೆ, ಮೇಲೆ ಮನೆಯಲ್ಲಿ ಚಹಾಕ್ಕೆ ಇಡುತ್ತಾರೆ. ಜೀವಕೋಶದಲ್ಲಿ ಹಾಗೆ ಒಲೆ ಹಚ್ಚುವ ಕೆಲಸ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವದ್ದು. ಅದು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವನ್ನು ತಯಾರಿಸುತ್ತದೆ. ಆ ಅಣುವೇ ಒಳಗೆಲ್ಲ ಸುದ್ದಿ ಹಂಚುತ್ತದೆ. ಇದನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಫೋರ್ಸ್ಕೋಲಿನ್ ವಾಚ್‌ಮನ್‌ನನ್ನು ಕೇಳುವುದೇ ಇಲ್ಲ. ಸೀದಾ ಅಡುಗೆಮನೆಗೆ ಹೋಗಿ ಒಲೆ ಹಚ್ಚುತ್ತದೆ! 1981ರಲ್ಲಿ ಅಮೆರಿಕದ ಸೀಮನ್ ಮತ್ತು ಡೇಲಿ ಇದನ್ನು ತೋರಿಸಿದರು. ಆಮೇಲೆ ವಿಜ್ಞಾನಿಗಳಿಗೆ ಬೇಕಾದ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಹೆಚ್ಚಿಸಲು ಸುಲಭದ ದಾರಿ ಸಿಕ್ಕಿತು.

ಔಷಧಿಯ ದಾರಿ ಅಷ್ಟು ಸುಲಭವಾಗಲಿಲ್ಲ. ಫೋರ್ಸ್ಕೋಲಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಜಪಾನಿನವರು ಅದನ್ನು ಸ್ವಲ್ಪ ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಹೃದಯ ಸೋತವರಿಗೆ ಕೊಡುವ ಇಂಜೆಕ್ಷನ್ ತಯಾರಿಸಿದರು.

ನಮ್ಮ ಕಿಟಕಿಯ ಕುಂಡದಲ್ಲಿರುವ ದೊಡ್ಡಪತ್ರೆಯೂ ಕೋಲಿಯಸ್ಸೇ. ಮಂಗಳೂರಿನ ಕಡೆಯವರು ಪಲ್ಯ ಮಾಡುವ ಸಾಂಬ್ರಾಣಿ ಗೆಡ್ಡೆ ಕೂಡ ಅದೇ ಬಳಗ. ದೊಡ್ಡಪತ್ರೆಯನ್ನು ಮರಾಠಿಯಲ್ಲಿ ‘ಪಾನ್ ಓವಾ’ ಅನ್ನುತ್ತಾರೆ, ಅಂದರೆ ಎಲೆಯ ಓಮ. ಸರಿಯಾದ ಹೆಸರು. ಓಮದಲ್ಲಿರುವ ಥೈಮಾಲ್, ಅದರ ಸೋದರನಂಥ ಕಾರ್ವಕ್ರಾಲ್ ಎರಡೂ ಈ ಎಲೆಯ ಎಣ್ಣೆಯಲ್ಲಿ ಸಿಗುತ್ತವೆ. ಲ್ಯಾಬು ಹೇಳುವ ಎಷ್ಟೋ ಮೊದಲೇ ಮೂಗು ಹೇಳಿತ್ತು. ಆದರೆ ಫೋರ್ಸ್ಕೋಲಿನ್‌ಗೆ ವಾಸನೆಯಿಲ್ಲ. ಬೇರಿನ ಹೊರಪದರದ ಕೋಶಗಳಲ್ಲಿ, ಎಣ್ಣೆಯ ಸಣ್ಣ ಹನಿಗಳೊಳಗೆ ಅದು ಅಡಗಿರುತ್ತದೆ. ಮೂಗಿಗೆ ಅದು ಸಿಗುವಂತೆಯೇ ಇರಲಿಲ್ಲ. ಮುಲುಂಡಿನವರು ಗಿಡದ ನೆಂಟರಿಷ್ಟರನ್ನೂ ಪರೀಕ್ಷಿಸಿ ನೋಡಿದರು. ಅವುಗಳಲ್ಲಿ ಫೋರ್ಸ್ಕೋಲಿನ್ ಸಿಗಲಿಲ್ಲ. ಸಂಬಂಧಿಕ ಗಿಡವೆಂದು ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು ಹೇಳಲೇಬೇಕು. ಇದನ್ನೇ ತೂಕ ಇಳಿಸುವ ಮಾತ್ರೆ ಅಂತ ಈಗ ಮಾರುತ್ತಿದ್ದಾರೆ. ಕೆಲವು ಸಣ್ಣ ಪ್ರಯೋಗಗಳು ನಡೆದಿವೆ, ಅವುಗಳಿಂದ ತೂಕ ಇಳಿಯುತ್ತದೆಂದು ನಂಬುವಂತಿಲ್ಲ. ಬಿಪಿ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಸುಮ್ನೆ ನುಂಗಬಾರದು. ಊಟದ ಜೊತೆ ನಂಜಿಕೊಳ್ಳುವ ಒಂದು ತುಂಡು ಉಪ್ಪಿನಕಾಯಿ ಬೇರೆ, ಸಾರ ಇಳಿಸಿದ ಮಾತ್ರೆ ಬೇರೆ.

ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ಹೀಗೆ ಕಾಡಿನ ಗಿಡಗಳಿಗೆ ಪೆಟ್ಟು ಬಿತ್ತು. ಪುಣ್ಯಕ್ಕೆ ಇದು ಕಡ್ಡಿ ನೆಟ್ಟರೂ ಬರುತ್ತದೆ. ಈಗ ತಮಿಳುನಾಡಿನ ಸೇಲಂ ಕಡೆ, ನಮ್ಮ ಕರ್ನಾಟಕದಲ್ಲೂ ರೈತರು ಬೆಳೆಯುತ್ತಾರೆ. ಬಾ ಊರಿನಿಂದ ನಮಗೂ ಒಂದು ಕಡ್ಡಿ ತರಿಸಿಕೊಟ್ಟರು. ಅಮ್ಮ ಅದನ್ನು ದೊಡ್ಡಪತ್ರೆಯ ಪಕ್ಕದ ಕುಂಡದಲ್ಲೇ ನೆಟ್ಟಿದ್ದಾಳೆ. ಎರಡು ಹೊಸ ಎಲೆ ಬಂದಿವೆ.